ಪಂಡೋರದ ಪೂಜಾರಿಣಿ

ವಿಜ್ಞಾನವನ್ನೂ ಪುರಾಣಕಲ್ಪನೆಯನ್ನೂ ಬೆರೆಸಿ ತೆಗೆದ ಚಿತ್ರಗಳ ಪೈಕಿ ಜೇಮ್ಸ್ ಕ್ಯಾಮರೂನರ ‘ಅವತಾರ್’ (2009) ಸುಪ್ರಸಿದ್ಧವಾದುದು. ಅದರಲ್ಲಿ ಬರುವ ಪಂಡೋರವೆಂಬ ದೂರದ ಉಪಗ್ರಹದ ನಾವಿ ಜನರು ನೀಲವರ್ಣದವರು, ಬಾಲವುಳ್ಳವರು, ನಮಗಿಂತ ಬಹು ಎತ್ತರದವರು. ಅಲ್ಲಿನ ಒಂದು ಕುಲದ ಪೂಜಾರಿಣಿ ಮೋಆತ್; ಏಯ್ವಾ ಎಂಬ ಮಹಾಮಾತೆಯ ಇಚ್ಛೆಯನ್ನು ಜನಕ್ಕೆ ತಿಳಿಯಪಡಿಸುವವಳು.

ಭೂಮಿಯವರು ಅಲ್ಲಿಗೆ ಹೋದುದು ಖನಿಜದ ಆಸೆಯಿಂದ. ನಡೆಯಲಾರದ ಮಾಜಿ ಸೈನಿಕ ಜೇಕನು, ಪ್ರಯೋಗಶಾಲೆಯಲ್ಲಿ ಬೆಳೆಸಿದ ನಾವಿ ದೇಹದಲ್ಲಿ ತನ್ನ ಮನಸ್ಸನ್ನು ಹೊಗಿಸಿ ಅವರ ನಡುವೆ ಬಂದನು. ಆ ದೇಹಕ್ಕೇ ಅವತಾರವೆಂದು ಹೆಸರು. ಜನರು ಶಂಕಿಸಿದರು. ಮೋಆತ್ ಮಾತ್ರ ಅವನ ರಕ್ತದ ಹನಿಯನ್ನು ನಾಲಿಗೆಗೆ ಸೋಕಿಸಿ ನೋಡಿ, ಅವನಿಗೆ ತಮ್ಮ ನುಡಿಯನ್ನೂ ನಡೆಯನ್ನೂ ಕಲಿಸುವಂತೆ ಸ್ವಂತ ಮಗಳಿಗೇ ಆಜ್ಞಾಪಿಸಿದಳು. ಮುಂದೆ ಅವನು ಬೇಹಿಗೆ ಬಂದವನೆಂದು ಬಯಲಾಯಿತು, ಕುಲದವರು ಕಟ್ಟಿಹಾಕಿದರು. ಊರಿಗೆ ಆಶ್ರಯವಾಗಿದ್ದ ಮಹಾವೃಕ್ಷದ ಮೇಲೆ ಬೆಂಕಿ ಸುರಿಯುತ್ತಿದ್ದಾಗ ಆ ಕಟ್ಟನ್ನು ಕೊಯ್ದವಳೂ ಅವಳೇ. ಕೇಳಿದುದು ನೆರವನ್ನು ಮಾತ್ರ.

ಪರವೂರಿನಲ್ಲಿ ಅನ್ನ ಸಂಪಾದಿಸುವ ನಮಗೆ ಇದು ಬರಿಯ ಮಾಯಾಲೋಕದ ಕಥೆಯಲ್ಲ. ಹೊರಗಿನವನನ್ನು ಒಳಗೆ ಕರೆದ ಊರು ಅವನಿಂದ ಎರಡನ್ನು ಬಯಸುತ್ತದೆ: ತನ್ನ ನುಡಿಯನ್ನು ಕಲಿಯುವುದು, ಕಷ್ಟಕಾಲದಲ್ಲಿ ತನ್ನ ಪಕ್ಷ ನಿಲ್ಲುವುದು. ಮೋಆತ್ ಜೇಕನನ್ನು ಒರೆಗೆ ಹಚ್ಚಿದುದೂ ಇವೆರಡರಲ್ಲೇ. ನಮ್ಮನ್ನು ಸಾಕಿದ ಊರು ನಮ್ಮನ್ನೂ ಹಾಗೆಯೇ ಅಳೆಯುತ್ತದೆಂಬುದನ್ನು ನಾವು ಮರೆಯಲಾಗದು.