ಕಪ್ಪು ಪರದೆ ಬಂದಾಗ ಮೊದಲು ಉತಾರ ನೋಡಿ

ದೀಪಾವಳಿ ರಜೆಗೆ ನಾವು ಮೂವರು ಸವಣೂರು ತಾಲ್ಲೂಕಿನ ಹತ್ತಿಮತ್ತೂರಿಗೆ ಹೋಗಿದ್ದು ಗೆಳೆಯನ ಮನೆಯಲ್ಲಿ ಕೂತು ಮಿನಿ ಪ್ರಾಜೆಕ್ಟ್ ಮುಗಿಸೋಣ ಅಂತ. ವೀಳ್ಯದೆಲೆಯ ಫೋಟೋ ನೋಡಿ ರೋಗ ಗುರುತಿಸುವ ಪ್ರೋಗ್ರಾಂ ನಮ್ಮದು. ಸವಣೂರು ಅಂದರೆ ಎಲೆಬಳ್ಳಿ ತಾನೇ, ಫೋಟೋಗೇನೂ ಬರ ಇರಲಿಲ್ಲ. ಮೂರು ವಾರ ಕೂತು ಒಂದೊಂದು ಎಲೆಗೂ ಗುರುತು ಹಾಕಿದ್ದೆವು. ಕೋಡು, ರಿಪೋರ್ಟು, ಫೋಟೋ ಎಲ್ಲಾ ಗೆಳೆಯನ ಒಂದೇ ಲ್ಯಾಪ್‌ಟಾಪಿನಲ್ಲಿ, ಯಾಕಂದ್ರೆ ಎನ್‌ವಿಡಿಯಾ ಕಾರ್ಡ್ ಇದ್ದದ್ದು ಅದರಲ್ಲಿ ಮಾತ್ರ. ಬ್ಯಾಕಪ್? ಇರಲಿಲ್ಲ. ಹೌದು, ಬೈಯಿರಿ.

ಶುಕ್ರವಾರ ಬೆಳಿಗ್ಗೆ ಆನ್ ಮಾಡಿದರೆ ಲಿನಕ್ಸ್ ಮಿಂಟ್‌ನ ಲೋಗೋ ಬಂತು, ಹೋಯಿತು. ಆಮೇಲೆ ಪೂರ್ತಿ ಕಪ್ಪು. ಎಡಗಡೆ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಗೆರೆ ಮಿಟುಕುತ್ತಾ ಇತ್ತು, ಅಷ್ಟೇ. ಸೋಮವಾರ ರಿವ್ಯೂ. ಪರಿಚಯದ ರಿಪೇರಿಯವರೊಬ್ಬರಿಗೆ ಫೋನ್ ಹಚ್ಚಿದರೆ, ನೋಡದೆಯೇ "ಫಾರ್ಮ್ಯಾಟ್ ಹೊಡೀಬೇಕ್ರಿ, ಇಲ್ಲಾ ಬೋರ್ಡ್ ಹೋಗೇತಿ" ಅಂದುಬಿಟ್ಟರು. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು, ಗೆಳೆಯನ ಅಪ್ಪ ಹತ್ತಿ ಮಾರಿದ ದುಡ್ಡಲ್ಲಿ ಕೊಡಿಸಿದ್ದು. ಅವನ ಮುಖ ನೋಡೋಕೆ ಆಗಲಿಲ್ಲ.

ಫಾರ್ಮ್ಯಾಟ್ ಮಾಡಲಿಲ್ಲ. ಬೋರ್ಡೂ ಹೋಗಿರಲಿಲ್ಲ. ಆಗಿದ್ದು ಏನು ಅಂತ ಹೇಳ್ತೀವಿ. (ಕಮಾಂಡುಗಳನ್ನು ಉಚ್ಚಾರದ ಪ್ರಕಾರ ಕನ್ನಡದಲ್ಲೇ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.)

ಇಂಥ ಲ್ಯಾಪ್‌ಟಾಪಿನಲ್ಲಿ ಚಿತ್ರ ಬಿಡಿಸುವ ಚಿಪ್ ಎರಡಿರುತ್ತವೆ. ಪ್ರೊಸೆಸರ್ ಒಳಗೇ ಇರುವ ಇಂಟೆಲ್‌ನದು ಒಂದು, ಕರೆಂಟ್ ಕಮ್ಮಿ ತಿನ್ನುತ್ತೆ. ಬೇರೆಯಾಗಿ ಕೂತಿರುವ ಎನ್‌ವಿಡಿಯಾದ್ದು ಇನ್ನೊಂದು, ಭಾರೀ ಕೆಲಸಕ್ಕೆ. ಗೆಳೆಯನದು ಜಿಟಿಎಕ್ಸ್ 1050. ಈ ಎರಡನೆಯದಕ್ಕೆ ಲಿನಕ್ಸ್‌ನಲ್ಲಿ ಡ್ರೈವರ್ ಕೂಡ ಎರಡು: ಕರ್ನಲ್ ಜೊತೆಗೇ ಬರುವ ನೂವೋ, ಮತ್ತು ಕಂಪನಿಯವರೇ ಕೊಡುವ ಎನ್‌ವಿಡಿಯಾ ಡ್ರೈವರ್. ಒಂದು ಕಾರ್ಡನ್ನು ಒಂದು ಹೊತ್ತಿಗೆ ಒಂದು ಡ್ರೈವರ್ ಮಾತ್ರ ಹಿಡಿದುಕೊಳ್ಳಬಹುದು. ನೂವೋ ಮೊದಲೇ ಹಿಡಿದು ಕೂತರೆ ಎನ್‌ವಿಡಿಯಾದ್ದಕ್ಕೆ ಜಾಗ ಇಲ್ಲ. ಅದಕ್ಕೇ ಎನ್‌ವಿಡಿಯಾ ಡ್ರೈವರ್ ಹಾಕುವಾಗ ನೂವೋವನ್ನು ಬ್ಲ್ಯಾಕ್‌ಲಿಸ್ಟ್ ಮಾಡ್ತಾರೆ, ಅಂದರೆ ಬೂಟ್ ಆಗುವಾಗ ಇದನ್ನು ಲೋಡ್ ಮಾಡಬೇಡ ಅಂತ ಒಂದು ಫೈಲಿನಲ್ಲಿ ಬರೆದಿಡ್ತಾರೆ.

ಎರಡು ಡ್ರೈವರ್ ಯಾಕೆ ಅಂದರೆ ಅದೊಂದು ಹಳೇ ಜಗಳ. ಎನ್‌ವಿಡಿಯಾ ತನ್ನ ಕಾರ್ಡಿನ ಒಳಗುಟ್ಟು ಹೊರಗೆ ಬಿಡುತ್ತಿರಲಿಲ್ಲ. ಕೆಲವು ಪ್ರೋಗ್ರಾಮರುಗಳು ಕಂಪನಿಯ ಡ್ರೈವರ್ ಕಾರ್ಡಿಗೆ ಏನೇನು ಹೇಳುತ್ತೆ ಅಂತ ಗಮನಿಸಿ ಗಮನಿಸಿ ತಾವೇ ಒಂದು ಬರೆದರು. ಅದೇ ನೂವೋ, ಫ್ರೆಂಚ್‌ನಲ್ಲಿ ಹೊಸದು ಅಂತ ಅರ್ಥ. 2010ರಲ್ಲಿ ಅದು ಕರ್ನಲ್ ಒಳಗೆ ಬಂತು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಮಾತಾಡುವಾಗ ಲಿನಸ್ ಟೋರ್ವಾಲ್ಡ್ಸ್ ಕ್ಯಾಮೆರಾ ಮುಂದೆಯೇ ಎನ್‌ವಿಡಿಯಾಗೆ ನಡುಬೆರಳು ತೋರಿಸಿದ್ದು ನೀವೂ ನೋಡಿರ್ತೀರಿ. 2022ರ ಮೇ ತಿಂಗಳಲ್ಲಿ ಕಂಪನಿ ಕರ್ನಲ್ ಭಾಗದ ಕೋಡನ್ನು ತೆರೆದಿಟ್ಟಿತು. ಆದರೆ ಅದು ಟ್ಯೂರಿಂಗ್ ಪೀಳಿಗೆ ಮತ್ತು ಆಮೇಲಿನ ಕಾರ್ಡುಗಳಿಗೆ ಮಾತ್ರ. 1050 ಅದಕ್ಕಿಂತ ಹಳೇದು. ಡ್ರೈವರ್ ಪಟ್ಟಿಯಲ್ಲಿ ಹೆಸರಿನ ಕೊನೆಗೆ 'ಓಪನ್' ಅಂತ ಇರುವುದನ್ನು ನಮ್ಮಂಥ ಹಳೇ ಕಾರ್ಡಿನವರು ಒತ್ತಬಾರದು, ನಡೆಯಲ್ಲ.

ಹತ್ತಿಮತ್ತೂರಿಗೆ ವಾಪಸ್ ಬರೋಣ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದೆವು. ಅಕ್ಷರಗಳ ಲಾಗಿನ್ ಪರದೆ ಬಂತು! ಅಂದರೆ ಮಷೀನ್ ಬದುಕಿದೆ, ಡೆಸ್ಕ್‌ಟಾಪ್ ಮಾತ್ರ ಏಳುತ್ತಿಲ್ಲ. ಹೋದ ಜೀವ ಅಲ್ಲೇ ಅರ್ಧ ಬಂತು. ಅಲ್ಲಿ 'ಎಲ್‌ಎಸ್‌ಪಿಸಿಐ', ಒಂದು ಜಾಗ ಬಿಟ್ಟು 'ಹೈಫನ್ ಕೆ' ಹೊಡೆದೆವು. ಯಾವ ಸಾಧನವನ್ನು ಯಾವ ಡ್ರೈವರ್ ಹಿಡಿದಿದೆ ಅಂತ ಅದು ಪಟ್ಟಿ ಕೊಡುತ್ತೆ. ಇಂಟೆಲ್ ಚಿಪ್ ಕೆಳಗೆ, ಬಳಕೆಯಲ್ಲಿರುವ ಡ್ರೈವರ್ ಐ915 ಅಂತ ಇತ್ತು. ಎನ್‌ವಿಡಿಯಾ ಕೆಳಗೆ ಆ ಸಾಲೇ ಇಲ್ಲ. ಕಾರ್ಡ್ ಯಾರ ಕೈಯಲ್ಲೂ ಇಲ್ಲ!

ಅಷ್ಟೊತ್ತಿಗೆ ಗೆಳೆಯನ ಅಪ್ಪ ಬಂದು "ಏನಾಗೇತಿ?" ಅಂದರು. ನಮ್ಮ ಇಂಗ್ಲಿಷ್ ಮೀಡಿಯಂ ಬಾಯಿಗೆ ಕನ್ನಡದಲ್ಲಿ ಡ್ರೈವರ್ ವಿವರಿಸೋದು ಹೇಗೆ? ಹೊಲದ ಲೆಕ್ಕದಲ್ಲಿ ಹೇಳಿದೆವು. "ಕಾಕಾ, ಒಂದು ಹೊಲ ಐತಿ ಅನ್ಕೋರಿ. ಮೊದಲು ಲಾವಣಿ ಮಾಡ್ತಿದ್ದವನನ್ನ ಬಿಡಿಸಿ ಹೊಸಬಗ ಕೊಟ್ಟೇವಿ. ಹೊಸಬ ಬಂದೇ ಇಲ್ಲ. ಹಳಬಗ ಬರಬ್ಯಾಡ ಅಂದೇವಿ. ಹೊಲ ಬೀಳು ಬಿದ್ದೇತಿ." ಅವರು ನಕ್ಕು, "ಹಂಗಾದ್ರ ಉತಾರ ತೆಗೆದು ನೋಡ್ರಿ, ಯಾರ ಹೆಸರಿಗೈತಿ" ಅಂದರು. ನಾವು ಆಗಷ್ಟೇ ಮಾಡಿದ್ದು ಅದನ್ನೇ! ಪಹಣಿಯಲ್ಲಿ ಸಾಗುವಳಿ ಮಾಡುವವನ ಹೆಸರು ಇರುವ ಹಾಗೆ ಈ ಕಮಾಂಡ್. ಅಂದಿನಿಂದ ನಮ್ಮ ರೂಮಿನಲ್ಲಿ ಅದರ ಹೆಸರು ಉತಾರ.

ಹೊಸಬ ಯಾಕೆ ಬರಲಿಲ್ಲ? ಗೆಳೆಯ ಒಂದು ವಿಡಿಯೋ ನೋಡಿಕೊಂಡು ಎನ್‌ವಿಡಿಯಾ ಸೈಟಿನಿಂದ 'ರನ್' ಫೈಲ್ ಇಳಿಸಿ ಹಾಕಿದ್ದ. ಅದು ಮೂರು ಕೆಲಸ ಮಾಡಿತ್ತು. ಆವತ್ತು ಓಡುತ್ತಿದ್ದ ಕರ್ನಲ್‌ಗೆ ಮಾತ್ರ ಹೊಂದುವ ಮಾಡ್ಯೂಲ್ ಕಟ್ಟಿತ್ತು, ನೂವೋವನ್ನು ಬ್ಲ್ಯಾಕ್‌ಲಿಸ್ಟ್‌ಗೆ ಹಾಕಿತ್ತು, ಡೆಸ್ಕ್‌ಟಾಪ್ ಎನ್‌ವಿಡಿಯಾದಿಂದಲೇ ಏಳಬೇಕು ಅಂತ 'ಝಾರ್ಗ್ ಡಾಟ್ ಕಾನ್ಫ್' ಎಂಬ ಫೈಲಿನಲ್ಲಿ ಬರೆದಿತ್ತು. ಗುರುವಾರ ರಾತ್ರಿ ಅವನು ಅಪ್‌ಡೇಟ್ ಮ್ಯಾನೇಜರ್‌ನಲ್ಲಿ ಎಲ್ಲಕ್ಕೂ ಟಿಕ್ ಹಾಕಿ ಮಲಗಿದ್ದ. ಹೊಸ ಕರ್ನಲ್ ಬಂತು, ಅದಕ್ಕೆ ಮಾಡ್ಯೂಲ್ ಇಲ್ಲ. ಇಂಟೆಲ್ ಚಿಪ್ ಸರಿಯಾಗೇ ಇದ್ದರೂ, ಆ ಫೈಲಿನ ಮಾತು ಕೇಳಿ ಡೆಸ್ಕ್‌ಟಾಪು ಇಲ್ಲದ ಎನ್‌ವಿಡಿಯಾವನ್ನೇ ಕಾಯುತ್ತಾ ಸೋತಿತು.

ಹಾಗಾದರೆ ಹಳೇ ಕರ್ನಲ್‌ನಲ್ಲಿ ಏಳಬೇಕಲ್ಲ? ಮಿಂಟ್ ಹಳೇ ಕರ್ನಲ್ಲನ್ನು ತಕ್ಷಣ ಅಳಿಸಲ್ಲ. ರೀಸ್ಟಾರ್ಟ್ ಮಾಡಿ, ಕಂಪನಿ ಲೋಗೋ ಹೋಗುತ್ತಿದ್ದ ಹಾಗೇ ಎಸ್ಕೇಪ್ ಒಂದೇ ಸಲ ಒತ್ತಿದರೆ ಗ್ರಬ್ ಮೆನು ಬರುತ್ತೆ. (ಗಾಬರಿಯಲ್ಲಿ ಎರಡು ಸಲ ಒತ್ತಿದರೆ ಬರೀ ಕಮಾಂಡ್ ಗೆರೆಗೆ ಬೀಳ್ತೀರಿ. ನಾವು ಬಿದ್ದೆವು.) ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋಗಿ ಹಿಂದಿನ ಕರ್ನಲ್ ಆರಿಸಿದೆವು. ಡೆಸ್ಕ್‌ಟಾಪ್ ಬಂತು. ಯಾರೂ ಕೂಗಾಡಲಿಲ್ಲ, ಮೊದಲು ಪೆನ್‌ಡ್ರೈವ್ ಚುಚ್ಚಿ ಪ್ರಾಜೆಕ್ಟ್ ಫೋಲ್ಡರ್ ಕಾಪಿ ಮಾಡಿದೆವು. ಕಾಪಿ ಮುಗಿಯುವವರೆಗೆ ಯಾರೂ ಕೂತ ಜಾಗ ಬಿಟ್ಟು ಏಳಲಿಲ್ಲ.

ಆಮೇಲಿನದು ಸುಲಭ. 'ಸುಡೊ ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್' ಕೊಟ್ಟು ರನ್ ಫೈಲ್ ಹಾಕಿದ್ದನ್ನು ತೆಗೆದೆವು. ಝಾರ್ಗ್ ಫೈಲನ್ನು ಅಳಿಸದೆ ಹೆಸರು ಬದಲಿಸಿ ಇಟ್ಟೆವು, ಬೇಕಾದರೆ ವಾಪಸ್ ತರಬಹುದಲ್ಲ ಅಂತ. ಫೋನನ್ನು ಯುಎಸ್‌ಬಿ ಟೆದರಿಂಗ್‌ಗೆ ಹಾಕಿ, ಮಿಂಟ್‌ನ ಡ್ರೈವರ್ ಮ್ಯಾನೇಜರ್‌ನಲ್ಲಿ ಶಿಫಾರಸು ಅಂತ ತೋರಿಸಿದ್ದನ್ನು ಇನ್‌ಸ್ಟಾಲ್ ಮಾಡಿದೆವು. ಮೂವರ ಆ ದಿನದ ಡೇಟಾ ಅಲ್ಲಿಗೆ ಖಲಾಸ್. ಹೀಗೆ ಹಾಕಿದ್ದರಲ್ಲಿ ಡಿಕೆಎಂಎಸ್ ಅಂತ ಒಂದು ವ್ಯವಸ್ಥೆ ಇರುತ್ತೆ. ಹೊಸ ಕರ್ನಲ್ ಬಂದಾಗಲೆಲ್ಲ ಮಾಡ್ಯೂಲನ್ನು ಅದೇ ಮತ್ತೆ ಕಟ್ಟುತ್ತೆ. ಕರ್ನಲ್‌ನ ಹೆಡರ್ ಪ್ಯಾಕೇಜ್ ಇರಬೇಕು, ಅಷ್ಟೇ. ರನ್ ಫೈಲ್ ಕೆಟ್ಟದ್ದು ಅಂತಲ್ಲ, ಆದರೆ ದಿನಬಳಕೆಯ ಲ್ಯಾಪ್‌ಟಾಪಿಗೆ ಅದು ಬೇಡ ಅನ್ನೋದು ನಮ್ಮ ಅಭಿಪ್ರಾಯ.

ಹಾಸ್ಟೆಲ್‌ನಲ್ಲಿ ಇನ್ನೊಬ್ಬನಿಗೆ ಇದೇ ರೋಗ, ಕಾರಣ ಬೇರೆ. ಡ್ರೈವರ್ ಸರಿಯಾಗೇ ಹಾಕಿದ್ದ, ಉತಾರದಲ್ಲಿ ಮಾತ್ರ ಹೆಸರಿಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಸೆಕ್ಯೂರ್ ಬೂಟ್ ಆನ್ ಇತ್ತು. ಅದು ನಂಬಿಕೆಯ ಸಹಿ ಇಲ್ಲದ ಮಾಡ್ಯೂಲನ್ನು ಒಳಗೆ ಬಿಡಲ್ಲ. ಇನ್‌ಸ್ಟಾಲ್ ಆಗುವಾಗ ಒಂದು ಪಾಸ್‌ವರ್ಡ್ ಕೇಳುತ್ತೆ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬರುತ್ತೆ. ಅಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಕೀಲಿ ಒತ್ತದಿದ್ದರೆ ಸ್ವಲ್ಪ ಹೊತ್ತಿಗೆ ತಾನೇ ಮುಂದೆ ಹೋಗಿಬಿಡುತ್ತೆ. ಅವನು ಅಷ್ಟರಲ್ಲಿ ಚಹಾ ಕುಡಿಯೋಕೆ ಹೋಗಿದ್ದ.

ಹೊಸದಾಗಿ ಲಿನಕ್ಸ್ ಹಾಕುವಾಗಲೇ ಪರದೆ ಹೆಪ್ಪುಗಟ್ಟಿದರೆ ಬಹಳ ಸಲ ನೂವೋಗೆ ಆ ಕಾರ್ಡ್ ಸರಿಯಾಗಿ ಬಗ್ಗಿರಲ್ಲ. ಗ್ರಬ್‌ನಲ್ಲಿ 'ಇ' ಒತ್ತಿ, 'ಲಿನಕ್ಸ್' ಅಂತ ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಸೇರಿಸಿ ಎಫ್10 ಒತ್ತಿ. ಪರದೆ ದಪ್ಪ ದಪ್ಪ ಕಾಣುತ್ತೆ, ಡ್ರೈವರ್ ಹಾಕಿಕೊಳ್ಳೋಕೆ ಅಷ್ಟು ಸಾಕು. ಅದನ್ನು ಖಾಯಂ ಬಿಡಬೇಡಿ.

ಹತ್ತಿಮತ್ತೂರಿನಲ್ಲಿ ಮಧ್ಯಾಹ್ನ ಮೂರಕ್ಕೆ 'ಎನ್‌ವಿಡಿಯಾ-ಎಸ್‌ಎಂಐ' ಹೊಡೆದಾಗ ಕಾರ್ಡಿನ ಹೆಸರು, ಬಿಸಿ, ಮೆಮೊರಿ ಎಲ್ಲಾ ಚೌಕದಲ್ಲಿ ಬಂತು. ಟ್ರೇನಿಂಗ್ ಶುರು ಮಾಡಿದೆವು. ನಾಲ್ಕಕ್ಕೆ ಕರೆಂಟ್ ಹೋಯಿತು.