ಮುಸುಕಿನ ಜೋಳದ ಮಧು

ಹುಣಸೂರಿನ ಪೇಟೆಬೀದಿಯಲ್ಲಿ ‘ಬರ್ಬನ್ ಕೊಡಿ’ ಎಂದು ಕೇಳಿದರೆ ಬೇಕರಿಯವನು ನಿಸ್ಸಂಕೋಚವಾಗಿ ಬಿಸ್ಕತ್ತಿನ ಪೊಟ್ಟಣವೊಂದನ್ನು ಮುಂದಿಡುತ್ತಾನೆ. ಲಂಡನ್ನಿನ ಪೀಕ್ ಫ್ರೀನ್ ಕಂಪನಿಯವರು 1910ರಲ್ಲಿ ‘ಕ್ರಿಯೋಲಾ’ ಎಂದು ನಾಮಕರಣ ಮಾಡಿದ್ದ ಆ ಬಿಸ್ಕತ್ತು ಮುಂದೆ ಫ್ರಾನ್ಸಿನ ರಾಜವಂಶವೊಂದರ ಹೆಸರನ್ನು ಹೊತ್ತು ನಮ್ಮೂರಿನವರೆಗೆ ಬಂದಿದೆ. ಕಾಫಿಯ ಮರ್ಮ ಬಲ್ಲವರನ್ನು ಕೇಳಿದರೆ ಬರ್ಬನ್ ಎಂಬುದು ಕಾಫಿಯ ತಳಿ ಎನ್ನುತ್ತಾರೆ. ಫ್ರೆಂಚರು 1715ರಲ್ಲಿ ಯೆಮನ್ನಿನಿಂದ ಹಿಂದೂ ಮಹಾಸಾಗರದ ಬರ್ಬನ್ ದ್ವೀಪಕ್ಕೆ ಒಯ್ದ ಗಿಡಗಳ ಸಂತಾನ ಅದು. ಬಾಬಾಬುಡನ್ ಅವರು ತಂದರೆಂದು ಪ್ರತೀತಿಯಿರುವ ಏಳು ಬೀಜಗಳ ತವರೂ ಯೆಮನ್ನೇ ಆದ್ದರಿಂದ, ಕೊಡಗಿನ ಸೆರಗಿನಲ್ಲಿರುವ ಪಿರಿಯಾಪಟ್ಟಣದವರಿಗೆ ಅದು ದೂರದ ದಾಯಾದಿಯಾಗಬೇಕು. ಬಿಸ್ಕತ್ತು, ಕಾಫಿ ಎರಡನ್ನೂ ಬದಿಗಿಟ್ಟು ನಾನು ಹೇಳಹೊರಟಿರುವುದು ಮೂರನೆಯ ಬರ್ಬನ್ ವಿಷಯ. ಅದು ಬೇಕರಿಯಲ್ಲಿ ಸಿಗುವುದಿಲ್ಲ.

ಕನ್ನಡ ಮೇಷ್ಟರಿಗೂ ವಿಸ್ಕಿಗೂ ಎತ್ತಣಿಂದೆತ್ತ ಸಂಬಂಧವೆಂದು ವಾಚಕರು ಹುಬ್ಬೇರಿಸಬಾರದು. ಸಂಬಂಧ ಸಾವಿರ ವರ್ಷಕ್ಕೂ ಹಳೆಯದು. 941ರ ಪಂಪಭಾರತದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನನು ಇರುಳು ಸುತ್ತಾಡುತ್ತ ಪಾನಗೋಷ್ಠಿಯನ್ನು ಕಾಣುವ ಭಾಗವಿದೆ. ಅದನ್ನು ಪಾಠ ಮಾಡುವ ದಿನ ಹಿಂದಿನ ಬೆಂಚಿನವರೂ ನಿದ್ರಿಸುವುದಿಲ್ಲ. ‘ರತ್ನನ ಪದಗಳು’ ಬರೆದು ಹೆಂಡಗುಡುಕನೊಬ್ಬನನ್ನು ಕನ್ನಡದಲ್ಲಿ ಅಮರನನ್ನಾಗಿ ಮಾಡಿದ ಜಿ.ಪಿ. ರಾಜರತ್ನಂ ಅವರಂತೂ ಕನ್ನಡ ಮೇಷ್ಟರೇ; ಹೆಂಡ ಮುಟ್ಟಿದವರಲ್ಲ. ಮುಟ್ಟದೆಯೇ ಅಷ್ಟು ಬರೆದವರ ಮುಂದೆ, ವರ್ಷಕ್ಕೆ ನಾಲ್ಕು ಸಲ ಎರಡೆರಡು ಚಮಚ ಮುಟ್ಟುವ ನಾನು ಒಂದು ಲೇಖನವನ್ನಾದರೂ ಬರೆಯಬೇಡವೆ?

ಅಮೆರಿಕದಲ್ಲಿರುವ ಸೋದರಳಿಯ ಕಳೆದ ಬಾರಿ ಊರಿಗೆ ಬಂದಾಗ, ‘ಮಾವ, ಇದು ನಿಮಗೆ’ ಎಂದು ಸೀಸೆಯೊಂದನ್ನು ಪಂಚೆಯಲ್ಲಿ ಸುತ್ತಿಕೊಟ್ಟ. ಕೆಂಟಕಿ ಎಂಬ ಪ್ರಾಂತದ ಸರಕು. ಪುಸ್ತಕದ ಬೀರುವಿನಲ್ಲಿ ಪಂಪಭಾರತದ ಹಿಂದೆ ಅದಕ್ಕೆ ಜಾಗ ಮಾಡಿದೆ. ನಮ್ಮ ಮನೆಗೆ ಬರುವವರಲ್ಲಿ ಆ ಗ್ರಂಥವನ್ನು ಕೈಯಾರೆ ಹೊರತೆಗೆಯುವವರು ಯಾರೂ ಇಲ್ಲವೆಂಬ ಧೈರ್ಯ.

ಬರ್ಬನ್ನಿಗೆ ಅಮೆರಿಕದ ಕಾನೂನು ಕಟ್ಟಿರುವ ಛಂದಸ್ಸು ನಮ್ಮ ಕಂದಪದ್ಯದ ಛಂದಸ್ಸಿಗಿಂತ ಬಿಗಿ. ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಮುಸುಕಿನ ಜೋಳವಿರಬೇಕು. ಬಟ್ಟಿಯಿಳಿಸಿದ್ದನ್ನು ಓಕ್ ಮರದ ಹೊಸ ಪೀಪಾಯಿಯಲ್ಲೇ ಇಡಬೇಕು. ಆ ಪೀಪಾಯಿಯ ಒಳಮೈಯನ್ನು ಮೊದಲು ಬೆಂಕಿಯಿಂದ ಕರಕಲಾಗಿಸಿರಬೇಕು. ಹೊರಗಿನ ಬಣ್ಣ, ಹೊರಗಿನ ಸುವಾಸನೆ ನಿಷಿದ್ಧ. 1964ರಲ್ಲಿ ಅಲ್ಲಿನ ಕಾಂಗ್ರೆಸ್ ಸಭೆ ಇದನ್ನು ತನ್ನ ದೇಶದ ವಿಶಿಷ್ಟ ಉತ್ಪನ್ನವೆಂದು ನಿರ್ಣಯಿಸಿತು. ಇನ್ನು ಹೆಸರಿನ ವ್ಯುತ್ಪತ್ತಿಯ ವಿಚಾರ: ಕೆಂಟಕಿಯ ಬರ್ಬನ್ ಜಿಲ್ಲೆಯಿಂದ ಬಂತೆಂದು ಕೆಲವರು, ನ್ಯೂ ಆರ್ಲಿಯನ್ಸ್ ನಗರದ ಬರ್ಬನ್ ಬೀದಿಯಿಂದ ಬಂತೆಂದು ಕೆಲವರು. ಸ್ಥಳನಾಮಗಳನ್ನು ಕುರಿತ ನಮ್ಮ ವಿದ್ವಾಂಸರ ಜಗಳವನ್ನು ಕಂಡವನಿಗೆ ಇದು ಹೊಸದಲ್ಲ.

ಸೀಸೆಯ ಬಿರಡೆ ತೆಗೆದ ಸಂಜೆ ನನ್ನಾಕೆ ದೂರದಿಂದಲೇ ಮೂಗರಳಿಸಿ, ‘ಏನ್ರೀ, ಆಲೆಮನೆ ವಾಸನೆ ಬರ್ತಿದೆ!’ ಎಂದಳು. ಆಕೆಯ ತವರು ಕೆ.ಆರ್. ನಗರದ ಕಡೆ, ಕಬ್ಬಿನ ಸೀಮೆ. ಕೊಪ್ಪರಿಗೆಯಲ್ಲಿ ಪಾಕ ಕೆಂಪಾಗಿ, ಅಂಚಿನಲ್ಲಿ ತುಸು ಸೀದ ಗಳಿಗೆಯ ಕಂಪನ್ನು ಬಲ್ಲವಳು. ರಸಾಯನಶಾಸ್ತ್ರವೂ ಹೆಚ್ಚುಕಡಮೆ ಅದನ್ನೇ ಹೇಳುತ್ತದೆ. ಬೆಂಕಿ ತಗುಲಿದಾಗ ಮರದೊಳಗಿನ ಸಕ್ಕರೆಯ ಅಂಶ ಪಾಕಗಟ್ಟುತ್ತದೆ. ಮರಕ್ಕೆ ಬಿಗಿ ಕೊಡುವ ಲಿಗ್ನಿನ್ ಒಡೆದು ವೆನಿಲ್ಲಾದ ಪರಿಮಳ ಹುಟ್ಟುತ್ತದೆ. ಬೇಸಗೆಯಲ್ಲಿ ಮದ್ಯವು ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗಾಲದಲ್ಲಿ ಕುಗ್ಗಿ ಹಿಂದಿರುಗುತ್ತದೆ, ಬರುವಾಗ ಬಣ್ಣವನ್ನೂ ರುಚಿಯನ್ನೂ ಹೊತ್ತು ತರುತ್ತದೆ. ಸ್ಕಾಚಿನ ಭಕ್ತರು ಹೊಗೆಯ ವಾಸನೆಯನ್ನು ಎಷ್ಟಾದರೂ ಹೊಗಳಲಿ. ಬೆಲ್ಲದ ನೆನಪು ತರುವ ಪಾನೀಯವೇ ನಮ್ಮ ಸೀಮೆಯ ನಾಲಗೆಗೆ ಹತ್ತಿರವೆಂಬುದು ನನ್ನ ನಿಶ್ಚಿತ ಅಭಿಪ್ರಾಯ. ಹಿಂದಿನ ಬಟ್ಟಿಯಲ್ಲಿ ಉಳಿದ ಹುಳಿಗಂಜಿಯನ್ನು ಮುಂದಿನ ಹದಕ್ಕೆ ಬೆರೆಸುವ ಪದ್ಧತಿ ಕೆಂಟಕಿಯಲ್ಲಿದೆ ಎಂದು ಓದಿ ಹೇಳಿದಾಗ, ‘ಹಾಲಿಗೆ ಹೆಪ್ಪು ಹಾಕೋ ಹಾಗೆ ಅನ್ನಿ’ ಎಂದು ಆಕೆ ಒಳಗೆ ಹೋದಳು.

ಕೆಂಟಕಿಗೂ ನಮ್ಮ ನಾಲ್ಕು ತಾಲ್ಲೂಕುಗಳಿಗೂ ಇನ್ನೊಂದು ನಂಟಿದೆ. ಅದೂ ತಂಬಾಕಿನ ನಾಡು. ನಮ್ಮಲ್ಲಿ ಹೊಲಹೊಲದಲ್ಲೂ ನಿಂತಿರುವ ಬ್ಯಾರನ್ನುಗಳಲ್ಲಿ ಸೊಪ್ಪು ಬೆಂಕಿಯ ಶಾಖಕ್ಕೆ ಹದವಾಗುತ್ತದೆ. ಅಲ್ಲಿನ ಬರ್ಲಿ ತಂಬಾಕು ಗಾಳಿಗೆ ಒಣಗುತ್ತದೆ. ಮುಸುಕಿನ ಜೋಳವೂ ಎರಡು ಕಡೆ ಉಂಟು. ಹೆಗ್ಗಡದೇವನಕೋಟೆಯ ಜೋಳ ಕೋಳಿಯ ಮೇವಿಗೆ ಹೋಗುತ್ತದೆ. ಕೆಂಟಕಿಯ ಹಳೆಯ ಒಕ್ಕಲಿಗರಿಗೋ, ಬೆಟ್ಟ ದಾಟಿಸಿ ಜೋಳದ ಮೂಟೆ ಸಾಗಿಸುವುದಕ್ಕಿಂತ ಅದನ್ನು ಬಟ್ಟಿಯಿಳಿಸಿ ಪೀಪಾಯಿ ಉರುಳಿಸುವುದು ಲಾಭವಾಗಿತ್ತು.

ಆದರೆ ಕೋಟೆಯ ಹೆಸರು ಬಂದೊಡನೆ ನನ್ನ ಲೇಖನಿ ತುಸು ತಡೆಯುತ್ತದೆ. ಆ ಕಡೆಯ ಹಾಡಿಗಳಿಂದ, ಹಳ್ಳಿಗಳಿಂದ ಬಂದು ಓದುವ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. 2007ರ ಜುಲೈ ಒಂದರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಪಾನಗೋಷ್ಠಿಯ ಪದ್ಯಗಳಿಗೆ ತರಗತಿಯೆಲ್ಲ ನಗುತ್ತಿದ್ದಾಗ ಒಬ್ಬ ಹುಡುಗಿ ಮಾತ್ರ ನಗದೆ ಪುಸ್ತಕ ನೋಡುತ್ತಿದ್ದಳು. ಗಂಟೆ ಬಾರಿಸಿದ ಮೇಲೆ ಬಂದು, ‘ಸಾರ್, ಕುಡಿದವರ ಮನೆಯವರನ್ನ ಪಂಪ ಯಾಕೆ ಬರೀಲಿಲ್ಲ?’ ಎಂದು ಕೇಳಿದಳು. ಪಂಪನ ಪರವಾಗಿ ನಾನು ಏನೇನೋ ಹೇಳಿದೆ. ಪ್ರಶ್ನೆ ಹಾಗೆಯೇ ಉಳಿಯಿತು. ಚಮಚದ ಲೆಕ್ಕದಲ್ಲಿ ಆಸ್ವಾದಿಸಿ ಪೀಪಾಯಿಯ ವಿದ್ಯೆಯನ್ನು ಮೆಚ್ಚುವ ಅವಕಾಶ ನನಗಿರುವುದು, ತಿಂಗಳ ಸಂಬಳ ಸಂಜೆಯೊಳಗೆ ಕರಗಿಹೋಗದ ಮನೆಯಲ್ಲಿ ನಾನಿರುವುದರಿಂದ. ಇಷ್ಟನ್ನು ಬರೆಯದೆ ಬರ್ಬನ್ನನ್ನು ಹೊಗಳಿದರೆ ಆ ಹುಡುಗಿ ಈ ಪುಟವನ್ನು ಓದಿಯಾಳೆಂಬ ಅಳುಕು ನನಗಿದೆ.

ಇರಲಿ, ಪೀಪಾಯಿಯ ಕಥೆ ಮುಗಿದಿಲ್ಲ. ಹೊಸ ಪೀಪಾಯಿಯೇ ಆಗಬೇಕೆಂಬ ಕಟ್ಟಳೆಯಿಂದಾಗಿ ಒಮ್ಮೆ ಬರ್ಬನ್ ತುಂಬಿದ್ದು ಮತ್ತೆ ಬರ್ಬನ್ನಿಗೆ ಸಲ್ಲದು. ಹಾಗೆ ನಿವೃತ್ತಿಯಾದ ಪೀಪಾಯಿಗಳು ಕಡಲು ದಾಟಿ ಸ್ಕಾಟ್ಲೆಂಡಿಗೆ ಹೋಗುತ್ತವೆ. ನಮ್ಮ ಮೈಸೂರು ರಸ್ತೆಗೂ ಬರುತ್ತವೆ. ಕೆಂಗೇರಿಯ ಬಳಿಯ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರಿಯವರು ತಮ್ಮ ಬಾರ್ಲಿಯ ವಿಸ್ಕಿಯನ್ನು ಮಾಗಿಸುವುದು ಇಂಥವುಗಳಲ್ಲೇ. ರಾಧಾಕೃಷ್ಣ ಜಗದಾಳೆಯವರು 1948ರಲ್ಲಿ ಸ್ಥಾಪಿಸಿದ ಆ ಸಂಸ್ಥೆ, 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ಆರು ವರ್ಷದೊಳಗೆ ಜಿಮ್ ಮರ್ರಿ ಎಂಬ ವಿಮರ್ಶಕ ತನ್ನ 2010ರ ಗ್ರಂಥದಲ್ಲಿ ಅದರ ‘ಫ್ಯೂಷನ್’ಗೆ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟ. ಅಮೃತಮಹಲ್ ಇಲಾಖೆಗೆ ಒಂದು ಕಾಲದಲ್ಲಿ ಕೇಂದ್ರವಾಗಿದ್ದ ಹುಣಸೂರಿನವರು ಆ ಹೆಸರಿನ ಮೇಲೆ ಸ್ವಲ್ಪ ಹಕ್ಕು ಸಾಧಿಸಿದರೆ ತಪ್ಪೇನು?

ಮಾಗುವಾಗ ಪೀಪಾಯಿಯಿಂದ ಆವಿಯಾಗಿ ಹೋಗುವುದಕ್ಕೆ ಪಾಶ್ಚಾತ್ಯರು ‘ದೇವತೆಗಳ ಪಾಲು’ ಎನ್ನುತ್ತಾರೆ. ಸ್ಕಾಟ್ಲೆಂಡಿನ ದೇವತೆಗಳು ಮಿತಭೋಗಿಗಳು. ವರ್ಷಕ್ಕೆ ನೂರಕ್ಕೆ ಎರಡರಷ್ಟು ಸ್ವೀಕರಿಸಿ ಸುಮ್ಮನಾಗುತ್ತಾರೆ. ಕಂಬೀಪುರದ ಬಿಸಿಲಿನಲ್ಲಿ ನಮ್ಮ ದೇವತೆಗಳು ಹತ್ತಕ್ಕೂ ಹೆಚ್ಚು ಹೀರುತ್ತಾರಂತೆ. ಸೋಮರಸದ ಪರಂಪರೆಯವರಲ್ಲವೆ! ನಮ್ಮ ಬೀರುವಿನ ಸೀಸೆಯಲ್ಲೂ ಮಟ್ಟ ತುಸು ಇಳಿದಿರುವುದನ್ನು ನನ್ನಾಕೆ ಮೊನ್ನೆ ತೋರಿಸಿದಳು. ನಾನು ದೇವತೆಗಳ ಹೆಸರು ಹೇಳಿದೆ. ‘ಬಿರಡೆ ಹಾಕಿದ ಗಾಜಿನಿಂದ ತಗೊಳ್ಳೋಕೆ ದೇವತೆಗಳಿಗೆ ಆಗಲ್ಲ, ಮೇಷ್ಟರಿಗೆ ಆಗುತ್ತೆ’ ಎಂದು ಹೇಳಿ, ಪಂಪಭಾರತವನ್ನು ಮತ್ತೆ ಅದರ ಮುಂದೆ ನಿಲ್ಲಿಸಿದಳು.