ಸಣ್ಣ ಅಲೆಗೆ ದೊಡ್ಡ ಹಲಗೆ

ಜ್ಯಾಕ್ ಹೆಬ್ನರ್ 2004ರಲ್ಲಿ ಮುಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಕಟ್ಟಿದಾಗ ಸರ್ಫಿಂಗ್ ನಮ್ಮ ಕರಾವಳಿಗೆ ತೀರಾ ಹೊಸದು. 2016ರಲ್ಲಿ ಪಕ್ಕದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸ್ಪರ್ಧೆಯೇ ನಡೆಯಿತು. ಕ್ರೀಡೆ ಬಂತು, ಅದರ ಜೊತೆಗೆ ಬೇರೆ ಕಡಲುಗಳ ವಿಡಿಯೊಗಳೂ ಬಂದವು. ಅವುಗಳಲ್ಲಿ ಮನೆಯೆತ್ತರದ ಅಲೆಯನ್ನು ಸೀಳುವ, ಆರಡಿಯ ಚೂಪು ಮೂತಿಯ ಹಲಗೆಯನ್ನು ಕಂಡವರು ತಮಗೂ ಅಂಥದ್ದೇ ಬೇಕೆನ್ನುತ್ತಾರೆ. ಆದರೆ ಮಳೆಗಾಲ ಕಳೆದ ಮೇಲೆ ನಮ್ಮ ಕಡಲಲ್ಲಿ ಹೆಚ್ಚಿನ ದಿನ ಏಳುವುದು ಮೊಣಕಾಲಿನಿಂದ ಸೊಂಟದವರೆಗಿನ, ಕಸುವಿಲ್ಲದ ಅಲೆ. ಅಲೆ ಚಿಕ್ಕದಾದರೆ ಹಲಗೆಯೂ ಚಿಕ್ಕದಿರಲಿ ಎಂದು ಯಾರಿಗಾದರೂ ತೋಚುತ್ತದೆ. ನೀರಿನ ಲೆಕ್ಕ ಮಾತ್ರ ಇದಕ್ಕೆ ಪೂರಾ ಉಲ್ಟಾ.

ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಎತ್ತರ ಅರ್ಧವಾದರೆ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಎತ್ತರದ ಜೊತೆ ವೇಗವೂ ಇಳಿಯುತ್ತದೆ. ಅಲೆ ತನ್ನ ಎತ್ತರದ ಸುಮಾರು ಒಂದೂಕಾಲು ಪಟ್ಟು ಆಳದ ನೀರಿಗೆ ಬಂದಾಗ ಮುರಿಯುತ್ತದೆ, ಅಲ್ಲಿ ಅದರ ವೇಗವನ್ನು ನಿರ್ಧರಿಸುವುದು ಆ ಆಳವೇ. ಎರಡು ಮೀಟರಿನ ಅಲೆ ಗಂಟೆಗೆ ಸುಮಾರು 18 ಕಿ.ಮೀ. ವೇಗದಲ್ಲಿ ಬರುತ್ತದೆ, 60 ಸೆಂಟಿಮೀಟರಿನದು 10 ಕಿ.ಮೀ. ಆಸುಪಾಸಿನಲ್ಲಿ. ಹಲಗೆ ನೀರನ್ನು ತಳ್ಳಿಕೊಂಡು ತೇಲುವುದನ್ನು ಬಿಟ್ಟು ನೀರಿನ ಮೇಲೆ ಜಾರಲು ತೊಡಗಿದಾಗಲೇ ಸವಾರಿ ಶುರು. ಆಗ ಹಲಗೆಯನ್ನು ನೀರೇ ಮೇಲೆತ್ತುತ್ತದೆ, ಕೆರೆಗೆ ಬೀಸಿ ಎಸೆದ ಚಪ್ಪಟೆ ಕಲ್ಲು ಪುಟಿಯುವುದೂ ಇದೇ ಬಲದಿಂದ. ಆ ಎತ್ತುವ ಬಲ ವೇಗದ ವರ್ಗವನ್ನೂ ತಳದ ವಿಸ್ತೀರ್ಣವನ್ನೂ ಅವಲಂಬಿಸಿದೆ. ಹಾಗಾಗಿ ಸಣ್ಣ ಅಲೆಯಲ್ಲಿ ಅದೇ ಹಲಗೆಗೆ ಸಿಗುವುದು ಮೂರನೇ ಒಂದು ಪಾಲಿನಷ್ಟು ಬಲ. ಅಲೆಯ ವೇಗವನ್ನು ಹೆಚ್ಚಿಸುವುದು ನಮ್ಮ ಕೈಯಲ್ಲಿಲ್ಲ, ವಿಸ್ತೀರ್ಣವನ್ನು ಹೆಚ್ಚಿಸಬಹುದು.

ಹೀಗೆಂದ ಕೂಡಲೇ ಅಂಗಡಿಯವರು ಲೀಟರ್ ಲೆಕ್ಕ ಮುಂದಿಡುತ್ತಾರೆ. ಈಗ ಬಹುತೇಕ ಹಲಗೆಗಳ ಮೇಲೆ ಘನಗಾತ್ರವನ್ನು ಬರೆದಿರುತ್ತಾರೆ, ಅದು ಉಪಯೋಗದ ಮಾಹಿತಿಯೇ. 70 ಕೆ.ಜಿ. ತೂಕದ ಹೊಸಬರು 28 ಲೀಟರಿನ ಹಲಗೆಯ ಮೇಲೆ ಮಲಗಿದರೆ ಅದು ಅರೆಮುಳುಗಿ, ಕೈಯಿಂದ ನೀರು ಎಳೆದೆಳೆದೇ ತೋಳು ಸೋಲುತ್ತದೆ. ಆದರೆ ಲೀಟರ್ ಹೇಳುವುದು ತೇಲುವ ಗುಣವನ್ನು ಮಾತ್ರ. ದಪ್ಪಗೆ ಕಿರಿದಾದದ್ದೊಂದು, ತೆಳ್ಳಗೆ ಅಗಲವಾದದ್ದೊಂದು, ಎರಡೂ 40 ಲೀಟರ್ ಇರಬಹುದು. ಸಪ್ಪೆ ಅಲೆಯಲ್ಲಿ ಜಾರುವುದು ಅಗಲದ್ದು. ಮೂತಿಯಿಂದ ಬಾಲದವರೆಗಿನ ಬಾಗು ಕಡಿಮೆಯಿದ್ದಷ್ಟೂ ಒಳ್ಳೆಯದು, ಏಕೆಂದರೆ ಬಾಗಿದ ಮೂತಿ ನಿಧಾನದ ಅಲೆಯಲ್ಲಿ ನೀರನ್ನು ಮುಂದೆ ನೂಕುತ್ತಾ ಬ್ರೇಕ್ ಆಗುತ್ತದೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಸ್ಟೀವ್ ಲಿಸ್ 1960ರ ದಶಕದ ಕೊನೆಯಲ್ಲಿ ಮಂಡಿಯೂರಿ ಸವಾರಿ ಮಾಡಲು ರೂಪಿಸಿದ ‘ಫಿಶ್’ ಇದಕ್ಕೆ ಸಾಕ್ಷಿ: ಗಿಡ್ಡ, ಅಗಲ, ಚಪ್ಪಟೆ, ಸೀಳು ಬಾಲ, ತಳದಲ್ಲಿ ಎರಡು ಫಿನ್ (ರೆಕ್ಕೆ). ಮುಂದೆ ನಿಂತು ಸವಾರಿ ಮಾಡುವವರೂ ಆ ಆಕಾರವನ್ನು ಸಣ್ಣ ಅಲೆಗೆಂದು ಒಪ್ಪಿಕೊಂಡರು. ದೊಡ್ಡ ಹಲಗೆ ಅಂದರೆ ಉದ್ದದ ಹಲಗೆ ಎಂದಷ್ಟೇ ತಿಳಿಯಬೇಕಿಲ್ಲ.

ಹಾಗಾದರೆ ಸ್ಪರ್ಧಿಗಳು ಸೊಂಟದೆತ್ತರದ ಅಲೆಯಲ್ಲೂ ಪುಟ್ಟ ಹಲಗೆ ಬಳಸುವುದೇಕೆ? ಅಲೆ ಕೊಡದ ವೇಗವನ್ನು ಅವರು ಹಲಗೆಯನ್ನು ಒತ್ತಿ, ಸಡಿಲಿಸಿ ತಾವೇ ಹುಟ್ಟಿಸಿಕೊಳ್ಳುತ್ತಾರೆ, ಅದು ವರ್ಷಗಟ್ಟಲೆ ಪಳಗಿದ ಕಾಲಿನ ಕೆಲಸ. ಸಾಲದ್ದಕ್ಕೆ, ಅಂಥ ದಿನಗಳಿಗೆ ಅವರೂ ಹೆಚ್ಚು ಅಗಲದ, ಕಡಿಮೆ ಬಾಗಿನ ಹಲಗೆಯನ್ನೇ ಹೊರತೆಗೆಯುತ್ತಾರೆ. ದೂರದಿಂದ ನೋಡುವವರಿಗೆ ಉದ್ದವೊಂದೇ ಕಾಣುತ್ತದೆ. ದೊಡ್ಡದರಲ್ಲಿ ಕಲಿತರೆ ತಿರುಗಿಸುವುದು ಬರುವುದಿಲ್ಲ ಎನ್ನುವವರೂ ಇದ್ದಾರೆ. ಲಾಂಗ್‌ಬೋರ್ಡ್ ತಿರುಗಿಸಲು ಬಾಲದ ಕಡೆಗೆ ಹೆಜ್ಜೆಯಿಡಬೇಕು, ಶಾರ್ಟ್‌ಬೋರ್ಡಿನ ಚುರುಕು ಅದಕ್ಕಿಲ್ಲ, ಅದು ನಿಜವೇ. ಆದರೆ ಅಲೆ ಹಿಡಿಯದೆ ತಿರುಗುವುದನ್ನು ಕಲಿಯುವುದಾದರೂ ಹೇಗೆ? ಇದಕ್ಕಿಂತ ತೂಕದ ಆಕ್ಷೇಪ ಸುರಕ್ಷತೆಯದು. ಒಂಬತ್ತಡಿಯ ಹಲಗೆ ಜನರ ನಡುವೆ ಕೈತಪ್ಪಿದರೆ ಯಾರದಾದರೂ ತಲೆ ಒಡೆದೀತು. ದಡದ ಬುಡದಲ್ಲೇ ದಿಢೀರನೆ ಮಗುಚುವ ಅಲೆಯಲ್ಲಿ ಅದರ ಮೂತಿ ನೀರಿಗೆ ಹುಗಿಯುತ್ತದೆ. ಅಂಥ ಕಡೆ ಏಳೆಂಟು ಅಡಿಯದೋ ಫಿಶ್ಶೋ ಲೇಸು, ಕಲಿಯುವವರಿಗಂತೂ ಮೆತ್ತನೆ ಫೋಮ್ ಹೊದಿಕೆಯದೇ ಆಗಬೇಕು.

ಅಂಕಿಯಲ್ಲಿ ಹೇಳುವುದಾದರೆ, 70 ಕೆ.ಜಿ. ತೂಕದ ಹೊಸಬರಿಗೆ ಎಂಟರಿಂದ ಒಂಬತ್ತು ಅಡಿ ಉದ್ದ, 22 ಅಂಗುಲ ಅಗಲ, ಕಿಲೋಗೆ ಒಂದು ಲೀಟರಿನಷ್ಟಾದರೂ ಗಾತ್ರ ಇರಲಿ. ಪಳಗಿದವರಿಗೆ 21 ಅಂಗುಲ ಅಗಲದ ಫಿಶ್, 35 ಲೀಟರಿನ ಆಸುಪಾಸು ಸಾಕು, ಅವರೂ ತಮ್ಮ ನಿತ್ಯದ ಹಲಗೆಗಿಂತ ಮೂರ್ನಾಲ್ಕು ಲೀಟರ್ ಏರಿಸಿಕೊಂಡರೆ ನಷ್ಟವಿಲ್ಲ. ಜೂನ್ ಬಂದು ಕಡಲು ಎದ್ದ ಮೇಲೆ ಮಾತು ಬೇರೆ: ನುಗ್ಗಿ ಬರುವ ನೊರೆಯಡಿ ನುಸುಳಲು ಹಲಗೆಯನ್ನು ನೀರೊಳಗೆ ಅದುಮಬೇಕಾಗುತ್ತದೆ, 70 ಲೀಟರಿನ ಫೋಮ್ ಯಾರ ತೋಳಿಗೂ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.